ಕೀಟೋ ಪಥ್ಯದಲ್ಲಿ (ಕಾರ್ಬೋಹೈಡ್ರೇಟ್ ತೀರಾ ಕಡಿಮೆ, ಕೊಬ್ಬು ಹೆಚ್ಚು ಇರುವ ಊಟ) ಜೋಳದ ರೊಟ್ಟಿ, ಬ್ರೆಡ್ ಬದಲು ಸುಲಭವಾಗಿ ಏನು ತಿನ್ನಬಹುದು?

ಅಗಸಿ ರೊಟ್ಟಿ. ಚಟ್ನಿಪುಡಿಗೆಂದು ಹುಬ್ಬಳ್ಳಿ, ಗದಗದ ಕಿರಾಣಿ ಅಂಗಡಿಗಳಲ್ಲಿ ಸಿಗುವ ಅದೇ ಅಗಸಿ ಸಾಕು; ದುಬಾರಿ ಬಾದಾಮಿ ಹಿಟ್ಟು ಬೇಡ.

100 ಗ್ರಾಂ ಅಗಸಿಯಲ್ಲಿ ಸುಮಾರು 29 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೂ 27 ಗ್ರಾಂ ನಾರು. ನಾರು ಸಕ್ಕರೆಯಾಗಿ ರಕ್ತ ಸೇರುವುದಿಲ್ಲ. ಜೋಳದ ಹಿಟ್ಟಿನಲ್ಲಿ ಹೆಚ್ಚಿನದು ಪಿಷ್ಟ. ಹಾಗಾಗಿ 50 ಗ್ರಾಂ ಹಿಟ್ಟಿನ ಒಂದೇ ರೊಟ್ಟಿಯಲ್ಲಿ ಕಾರ್ಬೋಹೈಡ್ರೇಟ್ 30 ಗ್ರಾಂ ದಾಟುತ್ತದೆ. ಕೀಟೋದಲ್ಲಿ ಇಡೀ ದಿನಕ್ಕೆ ಸಾಮಾನ್ಯವಾಗಿ ಇರುವ ಮಿತಿಯೇ 20ರಿಂದ 50 ಗ್ರಾಂ. ‘ಮಲ್ಟಿಗ್ರೇನ್’ ಬ್ರೆಡ್ಡೂ ಇದೇ ಕಥೆ, ಹೆಸರಿಗೆ ಮರುಳಾಗಬೇಡಿ.

ಹುರಿಯದ ಅಗಸಿಯನ್ನು ಮಿಕ್ಸಿಯಲ್ಲಿ ತಡೆತಡೆದು ಪುಡಿಮಾಡಿ. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಗಟ್ಟುತ್ತದೆ. 150 ಮಿ.ಲೀ. ನೀರು ಕುದಿಸಿ, ಉಪ್ಪು ಹಾಕಿ, ಒಲೆ ಆರಿಸಿ, 100 ಗ್ರಾಂ ಪುಡಿ ಸುರಿದು ತಿರುವಿ 10 ನಿಮಿಷ ಮುಚ್ಚಿಡಿ. ಅಗಸಿಯ ಲೋಳೆ ನೀರು ಹೀರಿ ಅಂಟಾಗುತ್ತದೆ, ಗೋಧಿಯ ಜಿಗುಟಿನ ಕೆಲಸವನ್ನು ಅದೇ ಮಾಡುತ್ತದೆ. ಈ ಕಾಯುವಿಕೆ ಬಿಟ್ಟರೆ ಅಂಚು ಬಿರಿಯುತ್ತದೆ. ನಾಲ್ಕು ಉಂಡೆ ಮಾಡಿ. ಜೋಳದ ಹಾಗೆ ಬಡಿಯಲು ಹೋಗಬೇಡಿ, ಕೈಗೇ ಮೆತ್ತಿಕೊಳ್ಳುತ್ತದೆ. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಲಟ್ಟಿಸಿ. ಮಧ್ಯಮ ಉರಿಯಲ್ಲಿ ಎರಡೂ ಬದಿ ಒಂದೊಂದು ನಿಮಿಷ.

ಫ್ರಿಜ್‌ನಲ್ಲಿ ಮೂರು ದಿನ ಇಡಬಹುದು. ಅವಸರವಿದ್ದಾಗ ಎಣ್ಣೆಗಾಯಿ ಪಲ್ಯವನ್ನು ತೆಳು ಆಮ್ಲೆಟ್‌ನಲ್ಲಿ ಸುತ್ತಿಕೊಳ್ಳಿ. ನಾರು ಹೆಚ್ಚು, ಆದ್ದರಿಂದ ಮೊದಲ ವಾರ ದಿನಕ್ಕೆ ಒಂದೇ ರೊಟ್ಟಿ, ನೀರು ಧಾರಾಳ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಕೀಟೋ ಶುರುಮಾಡುವ ಮುನ್ನವೇ ವೈದ್ಯರನ್ನು ಕೇಳಬೇಕು. ಔಷಧ ಹಾಗೇ ಇದ್ದು ಊಟ ಬದಲಾದರೆ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು.