ಗಡದ ಮೇಲೆ ತಲೆನೋವು ಬಂದರೆ? – ಒಂದು ಆಪ್ತಸಲಹೆ ಪ್ರಕರಣ

ಸಲಹಾರ್ಥಿ: ಸುಮಾ (ಹೆಸರು ಮತ್ತು ಗುರುತಿನ ವಿವರ ಬದಲಿಸಿದೆ). ವಯಸ್ಸು 34. ಧಾರವಾಡದ ಕಡೆಯವರು. ಮದುವೆಯ ನಂತರ ಪುಣೆಯ ವಾಕಡ್‌ನಲ್ಲಿ ವಾಸ, ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಮನೆಯಲ್ಲಿ ಗಂಡ ಮತ್ತು ಅತ್ತೆ. ಕಾಲೇಜು ದಿನಗಳಿಂದ ಮೈಗ್ರೇನ್ ಇದೆ, ಕಣ್ಣಿಗೆ ಮಿಂಚು ಕಾಣುವ ಔರಾ ಇಲ್ಲ.

ಅವರು ಬಂದದ್ದು ತಲೆನೋವಿಗಿಂತ ಅದರ ಭಯಕ್ಕೆ. ಎಂಟು ತಿಂಗಳ ಹಿಂದೆ ಪುಣೆ ಹತ್ತಿರದ ಬೆಟ್ಟದ ಕೋಟೆ (ಗಡ) ರಾಜಗಡ ಹತ್ತಿ, ಬುಡದ ಗುಂಜವಣೆ ಹಳ್ಳಿಯ ಕಡೆ ಇಳಿಯುವಾಗ ತಲೆಯ ಬಲಭಾಗ ಸಿಡಿಯತೊಡಗಿ, ಎರಡು ಸಲ ವಾಂತಿಯಾಗಿ, ದಾರಿಯಲ್ಲೇ ಮಲಗಬೇಕಾಯಿತು. ಗುಂಪು ಒಂದೂವರೆ ತಾಸು ಕಾಯಿತು. "ಆಗೋದಿಲ್ಲ ಅಂದ್ರೆ ಯಾಕೆ ಬರಬೇಕು" ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಅಂದಿನಿಂದ ಚಾರಣ ನಿಂತಿತು. ಆಮೇಲೆ ಸಿನಿಮಾ ನಿಂತಿತು, ಮದುವೆ ಮನೆಗಳು ನಿಂತವು, ಊರಿಗೆ ಹೋಗುವ ರಾತ್ರಿ ಬಸ್ಸೂ ಬೇಡವಾಯಿತು. ಹೋಗಲೇಬೇಕಾದ ಕಡೆಗೆ ಹೊರಡುವ ಮೊದಲು ಮುಂಜಾಗ್ರತೆಗೆಂದು ಒಂದು ಮಾತ್ರೆ. "ತಲಿನೋವಿಗಿಂತ ಅದು ಬರ್ತದೇನೋ ಅನ್ನೋ ಅಂಜಿಕಿನ ಜಾಸ್ತಿ ಆಗೇದ್ರಿ ಮೇಡಂ" ಎಂಬುದು ಮೊದಲ ಭೇಟಿಯಲ್ಲಿ ಅವರೇ ಹೇಳಿದ ಮಾತು. ಅದಕ್ಕಿಂತ ಸರಿಯಾಗಿ ಸಮಸ್ಯೆಯನ್ನು ಹೇಳುವುದು ಕಷ್ಟ.

ಮೊದಲ ನಾಲ್ಕು ವಾರ ಯಾವ ಬದಲಾವಣೆಯನ್ನೂ ಹೇಳಲಿಲ್ಲ, ದಿನಚರಿ ಮಾತ್ರ ಬರೆಸಿದೆವು. ತಲೆನೋವು ಇತ್ತೇ, ಹತ್ತರಲ್ಲಿ ಎಷ್ಟು, ಯಾವ ಮಾತ್ರೆ ಎಷ್ಟು, ಮಲಗಿ ಎದ್ದ ಸಮಯ, ಮೊದಲ ತುತ್ತು ಎಷ್ಟು ಗಂಟೆಗೆ, ಕಾಫಿ ಎಷ್ಟು ಲೋಟ, ಮುಟ್ಟಿನ ದಿನ. ದಿನಕ್ಕೆ ಒಂದೇ ಸಾಲು. ಇದಕ್ಕಿಂತ ಹೆಚ್ಚು ಕೇಳಿದರೆ ಯಾರೂ ಎರಡನೇ ವಾರ ದಾಟುವುದಿಲ್ಲ. ಲೆಕ್ಕ ಹೀಗೆ ಬಂತು: ತಲೆನೋವಿನ ದಿನ 17, ಅವುಗಳಲ್ಲಿ ವಾಕರಿಕೆ ಮತ್ತು ಬೆಳಕಿನ ಕಿರಿಕಿರಿಯ ಜೊತೆ ಬಂದ ನಿಜವಾದ ಮೈಗ್ರೇನ್ 9, ಮಾತ್ರೆ ನುಂಗಿದ ದಿನ 14. ಮಾತ್ರೆ ಪ್ಯಾರಾಸಿಟಮಾಲ್ ಮತ್ತು ಕೆಫೀನ್ ಸೇರಿದ ಮಿಶ್ರಣ, ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವಂಥದ್ದು.

ಈ 14 ಎಂಬ ಅಂಕಿಯೇ ಪ್ರಕರಣದ ಕೀಲಿ. ಮೊದಲೇ ತಲೆನೋವಿನ ಕಾಯಿಲೆ ಇರುವವರು ಮಿಶ್ರಣದ ಮಾತ್ರೆ ಅಥವಾ ಮೈಗ್ರೇನ್‌ಗೆಂದೇ ಕೊಡುವ ಟ್ರಿಪ್ಟಾನ್ ಗುಂಪಿನ ಮಾತ್ರೆಯನ್ನು ತಿಂಗಳಿಗೆ 10 ದಿನ ಅಥವಾ ಹೆಚ್ಚು, ಬರೀ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್‌ನಂಥದ್ದನ್ನು 15 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳು ಮೀರಿ ನುಂಗುತ್ತಾ ಹೋದರೆ ಮಾತ್ರೆಯೇ ತಲೆನೋವು ತರಬಹುದು. ಲೆಕ್ಕ ಹಾಕಬೇಕಾದದ್ದು ದಿನಗಳನ್ನು, ಮಾತ್ರೆಗಳನ್ನಲ್ಲ. ಒಂದೇ ದಿನ ಎರಡು ನುಂಗಿದರೂ ಅದು ಒಂದು ದಿನ, ಅರ್ಧ ಮಾತ್ರೆಯೂ ಒಂದು ದಿನ. ಮುಂಜಾಗ್ರತೆಗೆಂದು ನುಂಗಿದ್ದೂ ಇದರಲ್ಲಿ ಸೇರುತ್ತದೆ ಎಂದಾಗ ಸುಮಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಭಯಕ್ಕೆ ನುಂಗಿದ ಮಾತ್ರೆ ತಲೆನೋವನ್ನು ಸಾಕುತ್ತಿತ್ತು, ತಲೆನೋವು ಭಯವನ್ನು.

ಇಲ್ಲಿಂದ ಮುಂದಿನ ಹೆಜ್ಜೆ ಆಪ್ತಸಲಹೆಗಾರರದ್ದಲ್ಲ, ನರರೋಗ ತಜ್ಞರದ್ದು. ದಿನಚರಿಯ ಹಾಳೆಯೊಂದಿಗೇ ಕಳುಹಿಸಿದೆವು. ವೈದ್ಯರು ಆ ಮಿಶ್ರಣದ ಮಾತ್ರೆಯನ್ನು ಪೂರ್ತಿ ನಿಲ್ಲಿಸಿದರು. ನಿಲ್ಲಿಸಿದ ಮೇಲೆ ಎರಡರಿಂದ ಹತ್ತು ದಿನ ತಲೆನೋವು ಹೆಚ್ಚಾಗುವುದು ಸಾಮಾನ್ಯ. ಹಾಗಾಗಿ ಕಚೇರಿಯಲ್ಲಿ ಸಾಫ್ಟ್‌ವೇರ್ ಬಿಡುಗಡೆಯ ಗಡುವಿಲ್ಲದ ವಾರವನ್ನು ಆರಿಸಿ, ಮೂರು ದಿನ ರಜೆ ಹಾಕಿಸಿದೆವು. ತಡೆಗಟ್ಟುವ ಔಷಧಿಗೆ ಮೂರು ಹೆಸರು ಚರ್ಚೆಗೆ ಬಂದವು. ಪ್ರೊಪ್ರನಲಾಲ್ ಹೃದಯ ಬಡಿತವನ್ನು ಏರಗೊಡುವುದಿಲ್ಲವಾದ್ದರಿಂದ ಏರು ಹತ್ತುವಾಗ ಬೇಗ ಸುಸ್ತಾಗುತ್ತದೆ, ಮೇಲಾಗಿ ಸುಮಾಗೆ ಚಿಕ್ಕಂದಿನಲ್ಲಿ ದಮ್ಮು ಇತ್ತು, ಅಂಥವರಿಗೆ ಅದು ಕೂಡದು. ಟೋಪಿರಮೇಟ್ ಬೆವರನ್ನು ಕಡಿಮೆ ಮಾಡಿ ಬಿಸಿಲಿನಲ್ಲಿ ಮೈ ಕಾಯಿಸುತ್ತದೆ, ಗರ್ಭಕ್ಕೆ ಅಪಾಯಕಾರಿ. ಕೊನೆಗೆ ರಾತ್ರಿ 10 ಮಿ.ಗ್ರಾಂ ಅಮಿಟ್ರಿಪ್ಟಿಲಿನ್ ನಿಗದಿಯಾಯಿತು. ಬಾಯಿ ಒಣಗುತ್ತದೆ, ಬೆಳಿಗ್ಗೆ ಮಂಪರು ಇರಬಹುದು, ಇದೂ ಬೆವರನ್ನು ಸ್ವಲ್ಪ ತಗ್ಗಿಸಬಹುದು. ಕೆಲಸ ಮಾಡುತ್ತಿದೆಯೇ ಎಂದು ಹೇಳಲು ಆರರಿಂದ ಎಂಟು ವಾರ ಬೇಕು. ಎರಡನೇ ವಾರಕ್ಕೇ "ಏನೂ ಆಗ್ಲಿಲ್ರಿ" ಎಂದು ಬಿಡುವವರೇ ಹೆಚ್ಚು. ಅದನ್ನು ಮೊದಲೇ ಹೇಳಿಟ್ಟಿದ್ದರಿಂದ ಸುಮಾ ಬಿಡಲಿಲ್ಲ. ನೋವು ಬಂದಾಗಿನ ಔಷಧಿ ಟ್ರಿಪ್ಟಾನ್ ಗುಂಪಿನ ಸುಮಾಟ್ರಿಪ್ಟಾನ್ 50 ಮಿ.ಗ್ರಾಂ, ವಾಕರಿಕೆಗೆ ಡೊಂಪೆರಿಡೋನ್. ವಾರಕ್ಕೆ ಎರಡು ದಿನ ಮೀರುವಂತಿಲ್ಲ.

ಆ ಶನಿವಾರವನ್ನು ಬಿಡಿಸಿ ನೋಡಿದಾಗ

ರಾಜಗಡದ ದಿನ ಏನೇನಾಯಿತು ಎಂದು ಗಂಟೆಗಂಟೆಗೆ ಬರೆಸಿದೆವು. ಶುಕ್ರವಾರ ಅಮೆರಿಕದವರ ಜೊತೆ ಕರೆ ಮುಗಿಯುವಾಗ ರಾತ್ರಿ ಹನ್ನೆರಡೂವರೆ. ನಾಲ್ಕಕ್ಕೆ ಅಲಾರಂ. ವಾರವಿಡೀ ದಿನಕ್ಕೆ ನಾಲ್ಕು ಲೋಟ ಕಾಫಿ, ಅಂದು ಒಂದೂ ಇಲ್ಲ. ಸಂಕಷ್ಟಿ ಬೇರೆ, ಹಾಗಾಗಿ ತಿಂಡಿ ಇಲ್ಲ. ನಸ್ರಾಪುರ ದಾಟಿದ ಮೇಲಿನ ತಿರುವುಗಳಲ್ಲಿ ಮೊಬೈಲ್ ನೋಡುತ್ತಾ ಹಿಂದಿನ ಸೀಟು. ಹಿಂದೆ ಬೀಳಬಾರದೆಂದು ಮೊದಲ ಅರ್ಧ ತಾಸು ಏದುಸಿರಿನ ಓಟ. ನಾಲ್ಕು ತಾಸಿನಲ್ಲಿ ಕುಡಿದ ನೀರು ಅರ್ಧ ಲೀಟರಿಗೂ ಕಡಿಮೆ. ಅಕ್ಟೋಬರ್ ಬಿಸಿಲು.

ಇವುಗಳಲ್ಲಿ ಯಾವುದು ಕಾರಣ ಎಂದು ಅವರು ಕೇಳಿದರು. ಒಂದೊಂದೇ ಬಂದಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಗೀಸರ್, ಇಸ್ತ್ರಿ, ಓವನ್ ಮೂರೂ ಒಮ್ಮೆಗೇ ಹಾಕಿದಾಗ ಮನೆಯ ಎಂಸಿಬಿ (ಹೊರೆ ಹೆಚ್ಚಾದಾಗ ವಿದ್ಯುತ್ ಕಡಿಯುವ ಸ್ವಿಚ್) ಬೀಳುತ್ತದಲ್ಲ, ಹಾಗೆ. ಚಾರಣವನ್ನೇ ಬಿಡುವುದು ಇದಕ್ಕೆ ಪರಿಹಾರವಲ್ಲ. ಅದೇ ದಿನ ಬೀಳುವ ಬೇರೆ ಹೊರೆಗಳಲ್ಲಿ ಮೂರ್ನಾಲ್ಕನ್ನು ಇಳಿಸಬೇಕು, ಅಷ್ಟೇ.

ನೀರಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕಾಯಿತು. "ಹೆಚ್ಚು ನೀರು ಕುಡಿಯಿರಿ" ಎಂದು ಎಲ್ಲರೂ ಹೇಳುತ್ತಾರೆ. ಗಡದ ದಾರಿಯಲ್ಲಿ ಶೌಚಾಲಯ ಇಲ್ಲದ ಕಾರಣ ಹೆಂಗಸರು ಬೇಕೆಂದೇ ಕುಡಿಯುವುದಿಲ್ಲ ಎಂಬುದನ್ನು ಕೇಳುವವರು ಕಡಿಮೆ. ಆದ್ದರಿಂದ ಸಲಹೆ ಮೂತ್ರದಿಂದಲೇ ಶುರುವಾಯಿತು: ಗುಂಪಿನಲ್ಲಿ ಇನ್ನೊಬ್ಬ ಹೆಣ್ಣುಮಗಳ ಜೊತೆ ಮಾತಾಡಿಟ್ಟು ಇಬ್ಬರೂ ಒಟ್ಟಿಗೆ ನಿಲ್ಲುವುದು, ದೊಡ್ಡ ಛತ್ರಿ ಮತ್ತು ಓಢಣಿಯ ಮರೆ, ನಿಂತೇ ಮೂತ್ರ ಮಾಡಲು ಬರುವ ಕೊಳವೆಯನ್ನು ಮನೆಯಲ್ಲಿ ಎರಡು ಮೂರು ಸಲ ಅಭ್ಯಾಸ ಮಾಡಿಕೊಳ್ಳುವುದು, ಗುಂಪಿನ ಮುಂದಾಳುವಿಗೆ "ಒಂದೂವರೆ ತಾಸಿಗೊಮ್ಮೆ ಐದು ನಿಮಿಷ ನಿಲ್ಲಿಸಿ" ಎಂದು ಹೊರಡುವ ಮೊದಲೇ ಹೇಳುವುದು. ಇದು ಬಗೆಹರಿದ ಮೇಲೆ ಅಳತೆ ಹೇಳಿದೆವು. ಇಪ್ಪತ್ತು ನಿಮಿಷಕ್ಕೊಮ್ಮೆ 150ರಿಂದ 200 ಮಿ.ಲೀ. ಒಯ್ಯುವ ಮೂರು ಲೀಟರಿನಲ್ಲಿ ಒಂದು ಲೀಟರ್ ಓಆರ್‌ಎಸ್ ಪುಡಿ ಕಲಸಿದ ನೀರು. ಒಂದು ಲೀಟರಿನ ಪುಡಿಯನ್ನು ಅರ್ಧ ಲೀಟರ್ ಬಾಟಲಿಗೆ ಸುರಿಯುವ ತಪ್ಪು ಬಹಳ ಕಡೆ ಆಗುತ್ತದೆ. ಉಪ್ಪು ಎರಡು ಪಟ್ಟಾಗಿ ವಾಂತಿ ಹೆಚ್ಚುತ್ತದೆ. ಹಾಗೆಂದು ಬರೀ ನೀರನ್ನು ಲೀಟರುಗಟ್ಟಲೆ ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿದು ಅದರಿಂದಲೂ ತಲೆನೋವು, ವಾಕರಿಕೆ ಬರುತ್ತದೆ.

ಕಾಫಿಯನ್ನು ಚಾರಣದ ದಿನ ಬಿಡಬಾರದು. ದಿನದ ವೇಳೆಗೇ, ದಿನದ ಅಳತೆಗೇ, ಚಿಕ್ಕ ಫ್ಲಾಸ್ಕಿನಲ್ಲಿ ಒಯ್ಯುವುದು. ಕಡಿಮೆ ಮಾಡುವುದಿದ್ದರೆ ವಾರಕ್ಕೆ ಒಂದು ಲೋಟದಂತೆ ಇಳಿಸಿ ಎರಡಕ್ಕೆ ತಂದು ನಿಲ್ಲಿಸುವುದು. ಎದ್ದ ಒಂದು ತಾಸಿನೊಳಗೆ ತಿಂಡಿ: ಅವಲಕ್ಕಿಯೋ ಚಪಾತಿ ಶೇಂಗಾ ಚಟ್ನಿಯೋ. ಆಮೇಲೆ ಎರಡು ತಾಸಿಗೊಮ್ಮೆ ಹಿಡಿ ಶೇಂಗಾ ಬೆಲ್ಲ, ಬಾಳೆಹಣ್ಣು. ಮೇಲೆ ಹೋಗಿ ಪಿಠಲೆ ಭಾಕ್ರಿ (ಜುಣಕ ರೊಟ್ಟಿ) ತಿನ್ನೋಣ ಎಂದು ಹಸಿದು ಹತ್ತುವುದು ಬೇಡ. ಉಪವಾಸದ ದಿನಕ್ಕೆ ಚಾರಣ ಹಾಕಿಕೊಳ್ಳದಿರುವುದು ಉಪವಾಸ ಬಿಡಿಸುವುದಕ್ಕಿಂತ ಸುಲಭ, ಅತ್ತೆಯ ಜೊತೆ ಜಗಳವೂ ತಪ್ಪುತ್ತದೆ. ಮುಟ್ಟಿನ ಎರಡು ದಿನ ಮೊದಲಿನಿಂದ ಮೂರನೇ ದಿನದವರೆಗೆ ದೊಡ್ಡ ಗಡ ಬೇಡ.

ಬಸ್ಸಿನಲ್ಲಿ ಮುಂದಿನ ಸೀಟು, ದೂರದ ರಸ್ತೆಯ ಮೇಲೆ ಕಣ್ಣು. ಹತ್ತುವಾಗ ಮೊದಲ ಹದಿನೈದು ನಿಮಿಷ ಪೂರ್ತಿ ವಾಕ್ಯ ಮಾತಾಡಲು ಬರುವಷ್ಟೇ ವೇಗ. ಚೀಲದ ಭಾರ ಸೊಂಟದ ಪಟ್ಟಿಯ ಮೇಲೆ ಕೂರಬೇಕು, ಭುಜದ ಪಟ್ಟಿ ಬಿಗಿದರೆ ಕುತ್ತಿಗೆಯ ಸ್ನಾಯು ಎಳೆಯುತ್ತದೆ. ಸುತ್ತಲೂ ಅಂಚಿರುವ ಟೋಪಿ, ಕಂದು ಗಾಜಿನ ಕನ್ನಡಕ. ಟೋಪಿ, ಹೆಡ್‌ಲ್ಯಾಂಪ್ ಎರಡರ ಪಟ್ಟಿಯೂ ಸಡಿಲವಾಗಿರಲಿ. ರಾತ್ರಿಯಿಡೀ ನಡೆಯುವ ಕಾತ್ರಜ್–ಸಿಂಹಗಡದಂಥದ್ದು ಈ ವರ್ಷಕ್ಕೆ ಬೇಡವೆಂದೆವು. ನಿದ್ದೆ ಕೆಡುವುದು ಅದರಲ್ಲಿ ತಪ್ಪುವುದಿಲ್ಲ. ಗಡದಲ್ಲಿ ತಂಗುವುದಿದ್ದರೆ ಗುಹೆಯೊಳಗೆ ಒಲೆ ಹೊತ್ತಿಸುವವರಿಂದ ದೂರ ಮಲಗಬೇಕು. ಹೊಗೆ ಮತ್ತು ಸೀಮೆಎಣ್ಣೆಯ ವಾಸನೆಯೇ ಬೆಳಗಿನ ತಲೆನೋವಿಗೆ ಸಾಕು. ಕಿವಿಗೆ ಹತ್ತಿ, ಕಣ್ಣಿಗೆ ಪಟ್ಟಿ, ಎರಡು ಸಲದ ಮೈಗ್ರೇನ್ ದಾಳಿಗೆ ಸಾಲುವಷ್ಟು ಮಾತ್ರೆ.

ದಾಳಿ ಶುರುವಾದರೆ

ಸುಮಾ ಅವರ ದಿನಚರಿಯಲ್ಲಿ ನೋವಿಗೆ ಕೆಲವು ತಾಸು ಮೊದಲೇ ಮೇಲಿಂದ ಮೇಲೆ ಆಕಳಿಕೆ, ಕುತ್ತಿಗೆ ಬಿಗಿತ, ಸಿಹಿ ತಿನ್ನುವ ಆಸೆ ಕಾಣಿಸಿಕೊಂಡಿತ್ತು. ಗಡದ ದಾರಿಯಲ್ಲಿ ಆಕಳಿಕೆಯನ್ನು ನಿದ್ದೆಗೇಡಿಗೂ ಕುತ್ತಿಗೆಯನ್ನು ಚೀಲಕ್ಕೂ ಹೊಂದಿಸಿ ಮರೆಯುವುದು ಸಹಜ. ಎರಡು ಲಕ್ಷಣ ಒಟ್ಟಿಗೆ ಬಂದರೆ ನಿಲ್ಲುವುದು, ನೆರಳು, ನೀರು, ತಿನಿಸು, ಹದಿನೈದು ನಿಮಿಷ. ಮಾತ್ರೆ ಈಗಲ್ಲ. ನೋವು ಶುರುವಾದ ಕೂಡಲೇ, ಅದು ಇನ್ನೂ ಸಣ್ಣದಿರುವಾಗ. ತಡ ಮಾಡಿದರೆ ಜಠರದ ಚಲನೆ ನಿಧಾನವಾಗಿ ಮಾತ್ರೆ ಅಲ್ಲೇ ಕೂರುತ್ತದೆ, ವಾಂತಿಯಾದರೆ ಹೊರಗೇ ಬರುತ್ತದೆ. ನುಂಗಿದ ಮೇಲೆ ಮುಕ್ಕಾಲು ತಾಸು ಮಲಗುವುದು. ಎರಡು ತಾಸಿನ ಮೇಲೆ ನೋಡಿ, ಮೊದಲು ಇಳಿದು ಮತ್ತೆ ಏರಿದ್ದರೆ ಮಾತ್ರ ಎರಡನೆಯದು. ಮೊದಲನೆಯದು ಏನೂ ಮಾಡದಿದ್ದರೆ ಅದನ್ನೇ ಮತ್ತೆ ನುಂಗಿ ಫಲವಿಲ್ಲ.

ಸುಮಾಟ್ರಿಪ್ಟಾನ್‌ನ ಮೊದಲ ಮಾತ್ರೆಯನ್ನು ಮನೆಯಲ್ಲಿ ಬಂದ ದಾಳಿಗೇ ಪರೀಕ್ಷಿಸಿರಬೇಕು ಎಂದು ಒತ್ತಿ ಹೇಳಿದೆವು. ಎದೆ, ಗಂಟಲು ಬಿಗಿದಂತಾಗುವುದು ಆ ಮಾತ್ರೆಯಲ್ಲಿ ಕೆಲವರಿಗೆ ಇದ್ದದ್ದೇ. ಏರಿನಲ್ಲಿ ಮೊದಲ ಸಲ ಹಾಗಾದರೆ ಹೃದಯಾಘಾತವೆಂದು ಗಾಬರಿ. ಹೃದ್ರೋಗ ಅಥವಾ ಹತೋಟಿಯಿಲ್ಲದ ರಕ್ತದೊತ್ತಡ ಇರುವವರಿಗೆ ಈ ಮಾತ್ರೆಯೇ ಸಲ್ಲದು.

ವಾಂತಿಯಾಗುತ್ತಿರುವಾಗ ಬಂಡೆಯ ಇಳಿಜಾರು ಇಳಿಯಬಾರದು. ಮಲಗಿ, ಕಡಿಮೆಯಾದ ಮೇಲೆ ಇಬ್ಬರ ಜೊತೆ. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ನೋವು, ಮಾತು ತೊದಲುವುದು, ಕೈಕಾಲು ಸೋಲುವುದು, ಜ್ವರದೊಂದಿಗೆ ಕುತ್ತಿಗೆ ಸೆಟೆಯುವುದು, ಬಿದ್ದು ತಲೆಗೆ ಪೆಟ್ಟಾದ ಮೇಲಿನ ನೋವು, ಬಿಸಿಲಿನಲ್ಲಿ ಮೈ ಸುಟ್ಟು ಮಾತು ಅಸಂಬದ್ಧವಾಗುವುದು – ಇವು ಮೈಗ್ರೇನ್ ಎಂದು ಕಾಯುವಂಥವಲ್ಲ, 108ಕ್ಕೆ ಕರೆ ಮಾಡುವಂಥವು.

ಗಂಡನ ಜೊತೆ ಒಂದು ಭೇಟಿ ಬೇಕಾಯಿತು. ಅವರದು ಕಾಳಜಿಯೇ, ಆದರೆ ಹತ್ತು ನಿಮಿಷಕ್ಕೊಮ್ಮೆ "ಈಗ ಹೆಂಗದ?" ಎಂಬ ಪ್ರಶ್ನೆ, ಕೇಳದೆ ಚೀಲ ಕಸಿದುಕೊಳ್ಳುವುದು, ಹೋಗುವುದೋ ಬಿಡುವುದೋ ತಾವೇ ತೀರ್ಮಾನಿಸುವುದು. ಪ್ರತಿ ಸಲ ಕೇಳಿದಾಗ ಸುಮಾ ತಲೆಯೊಳಗೆ ನೋವು ಹುಡುಕುತ್ತಿದ್ದರು. ಒಪ್ಪಂದ ಇಷ್ಟು: ನಿಂತಾಗ ಮಾತ್ರ, ಒಂದೇ ಸಲ ಕೇಳುವುದು, ಉತ್ತರ ಹತ್ತರಲ್ಲಿ ಒಂದು ಅಂಕಿ. ನಾಲ್ಕು ದಾಟಿದರೆ ಇಬ್ಬರೂ ಹಿಂದಿರುಗುವುದು, ಚರ್ಚೆ ಇಲ್ಲ. "ತಲಿನೋವು ಯಾರಿಗಿಲ್ಲವಾ?" ಎನ್ನುವ ಅತ್ತೆಗೆ ದಿನಚರಿಯ ಹಾಳೆ ತೋರಿಸಲು ಹೇಳಿದೆವು, ವಾದ ಬೇಡವೆಂದೆವು. ಅವರು ಪೂರ್ತಿ ಒಪ್ಪಿದರೆಂದು ಹೇಳಲಾರೆವು. ಸಂಕಷ್ಟಿಯ ದಿನ ಸಾಬುದಾಣೆ ಖಿಚಡಿ ಬೆಳಿಗ್ಗೆಯೇ ಮಾಡಿಡುತ್ತಾರೆ, ಅಷ್ಟು ಸಾಕು.

ಭಯಕ್ಕೆ ಮೆಟ್ಟಿಲು ಕಟ್ಟಿದೆವು. ಮೊದಲು ಪುಣೆಯ ಪರ್ವತಿ ಗುಡ್ಡದ 103 ಮೆಟ್ಟಿಲು, ಮಾತ್ರೆ ಜೇಬಿನಲ್ಲಿ, ನುಂಗುವಂತಿಲ್ಲ. ಆಮೇಲೆ ಊರೊಳಗಿನ ವೇತಾಳ ಟೇಕಡಿ (ಗುಡ್ಡ), ಬೆಳಗಿನ ಒಂದೂವರೆ ತಾಸು. ಆಮೇಲೆ ಬುಡದ ಹಳ್ಳಿ ಆತಕರವಾಡಿಯಿಂದ ಸಿಂಹಗಡ. ಸಿಂಹಗಡವನ್ನು ಆರಿಸಿದ್ದಕ್ಕೆ ಕಾರಣವಿದೆ: ದಾರಿಯಲ್ಲಿ ಮಜ್ಜಿಗೆ, ನಿಂಬೆ ಶರಬತ್ತು ಸಿಗುತ್ತದೆ, ಮೇಲಿನವರೆಗೆ ವಾಹನದ ರಸ್ತೆಯಿದೆ, ಆಗದಿದ್ದರೆ ಜೀಪಿನಲ್ಲಿ ಇಳಿಯಬಹುದು. ಇಳಿಯುವ ದಾರಿ ಗೊತ್ತಿದ್ದಾಗ ಹತ್ತುವ ಧೈರ್ಯ ಬರುತ್ತದೆ. ಮೊದಲ ಪ್ರಯತ್ನದಲ್ಲಿ ಅರ್ಧಕ್ಕೇ ಅಂಕಿ ಐದಾಯಿತು. ಒಪ್ಪಂದದಂತೆ ಮಾತ್ರೆ ನುಂಗಿ, ಮಲಗಿ, ಹಿಂದಿರುಗಿದರು. ಅದನ್ನು ಸೋಲೆಂದು ಬರೆದುಕೊಂಡು ಬಂದಿದ್ದರು. ಯೋಜನೆ ನಡೆದ ದಿನವೆಂದು ತಿದ್ದಿಸಿದೆವು. ಮುಂದಿನ ತಿಂಗಳು ಪೂರ್ತಿ ಹತ್ತಿದರು. ಐದನೇ ತಿಂಗಳ ದಿನಚರಿಯಲ್ಲಿ ತಲೆನೋವಿನ ದಿನ 6, ಮಾತ್ರೆಯ ದಿನ 4.

ಈಗ ಅವರ ಹೊಸ ಪ್ರಶ್ನೆ ಹಿಮಾಲಯದ ಚಾರಣ. ಇಲ್ಲಿಯ ಸಹ್ಯಾದ್ರಿಯಲ್ಲಿ ಎತ್ತರದ ಕಾಯಿಲೆಯ (ಎತ್ತರದ ತೆಳು ಗಾಳಿಯಿಂದ ಬರುವಂಥದ್ದು) ಪ್ರಶ್ನೆಯೇ ಇಲ್ಲ, ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿಯೂ 1,646 ಮೀಟರ್. 2,500 ಮೀಟರ್ ದಾಟಿದ ಮೇಲೆ ಲೆಕ್ಕ ಬೇರೆ: ಅಲ್ಲಿ ಬಂದ ತಲೆನೋವನ್ನು "ನನ್ನ ಹಳೇ ಮೈಗ್ರೇನ್" ಎಂದು ಮಾತ್ರೆ ನುಂಗಿ ಮೇಲಕ್ಕೆ ಹೋಗುವುದೇ ದೊಡ್ಡ ಅಪಾಯ. ಎತ್ತರದ ಕಾಯಿಲೆ ಎಂದೇ ಹಿಡಿದು ಅಲ್ಲೇ ನಿಲ್ಲಬೇಕು, ಹೆಚ್ಚಾದರೆ ಇಳಿಯಬೇಕು. 3,000 ಮೀಟರಿನ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರದ ಕಾರ್ಯಕ್ರಮವನ್ನು ಹುಡುಕಿಕೊಂಡು, ಅದರ ದಿನವಾರು ಪಟ್ಟಿಯನ್ನು ನರರೋಗ ತಜ್ಞರಿಗೆ ತೋರಿಸಿ ಬರಲು ಹೇಳಿದ್ದೇವೆ.