ಕತ್ತಿ ನಿಲ್ಲಬಾರದು: ರೋಗ್ ಆಟಗಾರರ ಪ್ರಶ್ನೆಗಳಿಗೆ ಉತ್ತರ

ಈ ಸಲ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಎಂಬ ಆನ್‌ಲೈನ್ ಆಟದ ರೋಗ್ ಎಂಬ ಪಾತ್ರವರ್ಗದ ಕುರಿತವು. ಒಂದಕ್ಕೊಂದು ಹೊಂದುವ ಪ್ರಶ್ನೆಗಳಾದ್ದರಿಂದ ಇಲ್ಲಿ ಒಟ್ಟಿಗೆ ಉತ್ತರಿಸಿದ್ದೇವೆ. ಕೊಟ್ಟಿರುವ ಅಂಕಿಗಳೆಲ್ಲ 60ನೇ ಲೆವೆಲ್ ಮುಟ್ಟಿದ, ಎರಡೂ ಕೈಯಲ್ಲಿ ಕತ್ತಿ ಹಿಡಿದ, ಟ್ಯಾಲೆಂಟ್ (ವಿಶೇಷ ಕೌಶಲ) ಪಾಯಿಂಟ್‌ಗಳನ್ನು ಮೂರು ಶಾಖೆಗಳಿಗೆ 19/32/0ರಂತೆ ಹಂಚಿಕೊಂಡ ಕಾಂಬ್ಯಾಟ್ ರೋಗ್‌ಗೆ ಸಂಬಂಧಿಸಿದವು.

ಪ್ರಶ್ನೆ: ಸರ್, ಬೆರಳು ನೋಯುವಷ್ಟು ಬಟನ್ ಒತ್ತುತ್ತೇನೆ. ಸಿನಿಸ್ಟರ್ ಸ್ಟ್ರೈಕ್ ಹೊಡೆದು 5 ಕಾಂಬೊ ಪಾಯಿಂಟ್ (ಏಟಿನಿಂದ ಕೂಡುವ ಅಂಕ) ಆದ ಕೂಡಲೇ ಎವಿಸರೇಟ್ ಹಾಕುತ್ತೇನೆ. ಆದರೂ ರೇಡ್ (ದೊಡ್ಡ ತಂಡವಾಗಿ ಬಾಸ್‌ಗಳನ್ನು ಎದುರಿಸುವ ಆಟ) ಮುಗಿದ ಮೇಲೆ ಡ್ಯಾಮೇಜ್ ಮೀಟರ್‌ನಲ್ಲಿ ನನ್ನ ಹೆಸರು ಕೆಳಗೇ ಇರುತ್ತದೆ. ರೊಟೇಶನ್ (ಬಟನ್ ಒತ್ತುವ ಕ್ರಮ) ಸರಿಯಾಗಿ ಹೇಳಿಕೊಡಿ.
— ವಿದ್ಯಾರ್ಥಿ, ಹಾಸನ

ಉತ್ತರ: ಕಾಂಬೊ ಪಾಯಿಂಟ್ ಖರ್ಚು ಮಾಡಿ ಕತ್ತಿಯ ವೇಗ ಹೆಚ್ಚಿಸುವ ಸ್ಲೈಸ್ ಅಂಡ್ ಡೈಸ್‌ನ ಹೆಸರೇ ನಿಮ್ಮ ಪತ್ರದಲ್ಲಿ ಇಲ್ಲ. ತೊಂದರೆ ಇರುವುದು ಅಲ್ಲೇ.

ಕಾಂಬ್ಯಾಟ್ ರೋಗ್ ಮಾಡುವ ಡ್ಯಾಮೇಜಿನಲ್ಲಿ ಅತಿ ದೊಡ್ಡ ಪಾಲು ನೀವು ಒತ್ತುವ ಬಟನ್‌ಗಳದ್ದಲ್ಲ, ಎರಡು ಕತ್ತಿಗಳು ತಾವಾಗಿಯೇ ಬೀಸುವ ಆಟೋ ಅಟ್ಯಾಕ್‌ನದ್ದು. ಸ್ಲೈಸ್ ಅಂಡ್ ಡೈಸ್‌ನ ಎರಡನೇ ರ‍್ಯಾಂಕ್ ಆ ಬೀಸುವಿಕೆಯನ್ನು 30% ವೇಗ ಮಾಡುತ್ತದೆ. ಬೆಲೆ 25 ಎನರ್ಜಿ (ಬಟನ್ ಒತ್ತಿದಾಗ ಖರ್ಚಾಗುವ ಶಕ್ತಿ) ಮಾತ್ರ. ಏಟು ಹೆಚ್ಚಾದಷ್ಟೂ ಕತ್ತಿಗೆ ಹಚ್ಚಿದ ವಿಷ ತಗಲುವ ಅವಕಾಶ ಹೆಚ್ಚು, ಸ್ವೋರ್ಡ್ ಸ್ಪೆಷಲೈಸೇಶನ್‌ನಿಂದ ಸಿಗುವ ಹೆಚ್ಚುವರಿ ಏಟೂ ಹೆಚ್ಚು. ಎವಿಸರೇಟ್‌ನ ದೊಡ್ಡ ಅಂಕಿ ಪರದೆಯ ಮೇಲೆ ಕಣ್ಣಿಗೆ ಬೀಳುತ್ತದೆ, ಸ್ಲೈಸ್ ಅಂಡ್ ಡೈಸ್ ಕೊಡುವ ಲಾಭ ಕಾಣಿಸುವುದಿಲ್ಲ. ಬಹಳ ಮಂದಿ ಎಡವುವುದು ಇದರಿಂದಲೇ. ಹಾಗಾಗಿ ಮೊದಲ ನಿಯಮ: ಬಾಸ್ ಸಾಯುವವರೆಗೂ ಸ್ಲೈಸ್ ಅಂಡ್ ಡೈಸ್ ಆರಬಾರದು. ಮಿಕ್ಕಿದ್ದು ಎವಿಸರೇಟ್‌ಗೆ.

ಇದರ ಅವಧಿಯನ್ನು ಬಾಯಿಪಾಠ ಮಾಡಿಕೊಳ್ಳಿ. 1ರಿಂದ 5 ಕಾಂಬೊ ಪಾಯಿಂಟ್‌ಗೆ ಕ್ರಮವಾಗಿ 9, 12, 15, 18, 21 ಸೆಕೆಂಡ್. ಇಂಪ್ರೂವ್ಡ್ ಸ್ಲೈಸ್ ಅಂಡ್ ಡೈಸ್ ಟ್ಯಾಲೆಂಟ್‌ಗೆ ಮೂರೂ ಪಾಯಿಂಟ್ ಹಾಕಿದರೆ ಅವಧಿ 45% ಹೆಚ್ಚುತ್ತದೆ: ಸುಮಾರು 13, 17, 22, 26, 30 ಸೆಕೆಂಡ್. ಆ ಮೂರು ಪಾಯಿಂಟ್ ಹಾಕದೆ ಬೇರೆಡೆ ಖರ್ಚು ಮಾಡಿದ್ದರೆ ದಯವಿಟ್ಟು ಬದಲಿಸಿಕೊಳ್ಳಿ.

ಇನ್ನು ಲೆಕ್ಕ. ಎನರ್ಜಿ 2 ಸೆಕೆಂಡಿಗೆ 20ರಂತೆ ಬರುತ್ತದೆ. ಸಿನಿಸ್ಟರ್ ಸ್ಟ್ರೈಕ್‌ಗೆ 45 ಬೇಕು, ಇಂಪ್ರೂವ್ಡ್ ಟ್ಯಾಲೆಂಟ್ ಪೂರ್ತಿ ಇದ್ದರೆ 40. ಅಂದರೆ ಸರಾಸರಿ 4 ಸೆಕೆಂಡಿಗೊಂದು ಏಟು, ಏಟಿಗೊಂದು ಕಾಂಬೊ ಪಾಯಿಂಟ್. ರಿಲೆಂಟ್ಲೆಸ್ ಸ್ಟ್ರೈಕ್ಸ್ ಟ್ಯಾಲೆಂಟ್ ಇದ್ದರೆ ಮುಗಿಸುವ ಏಟಿನ (ಕಾಂಬೊ ಪಾಯಿಂಟ್ ಖರ್ಚು ಮಾಡುವ ಏಟಿನ) ಪ್ರತಿ ಪಾಯಿಂಟ್‌ಗೂ 20% ಅವಕಾಶದಂತೆ 25 ಎನರ್ಜಿ ವಾಪಸ್ ಬರುತ್ತದೆ. 5 ಪಾಯಿಂಟ್‌ನಲ್ಲಿ ಹಾಕಿದರೆ ಖಚಿತವಾಗಿ ಬಂದೇ ಬರುತ್ತದೆ. ಆಗ ಸ್ಲೈಸ್ ಅಂಡ್ ಡೈಸ್ ಪುಕ್ಕಟೆ, 35 ಎನರ್ಜಿಯ ಎವಿಸರೇಟ್‌ಗೆ ಕೈಯಿಂದ ಹೋಗುವುದು 10 ಮಾತ್ರ. ಜೊತೆಗೆ ರೂಥ್ಲೆಸ್‌ನೆಸ್‌ಗೆ ಮೂರು ಪಾಯಿಂಟ್ ಇದ್ದರೆ ಪ್ರತಿ ಮುಗಿಸುವ ಏಟಿನ ನಂತರ 60% ಸಲ ಒಂದು ಕಾಂಬೊ ಪಾಯಿಂಟ್ ತಾನಾಗಿ ಸಿಗುತ್ತದೆ.

ಆರಂಭ ಹೀಗಿರಲಿ: 100 ಎನರ್ಜಿಯಲ್ಲಿ ಎರಡು ಸಿನಿಸ್ಟರ್ ಸ್ಟ್ರೈಕ್, ತಕ್ಷಣ 2 ಪಾಯಿಂಟ್‌ನ ಸ್ಲೈಸ್ ಅಂಡ್ ಡೈಸ್. 5 ಆಗಲಿ ಎಂದು ಕಾಯುತ್ತಾ ಕೂತರೆ ಮೊದಲ ಹದಿನೈದು ಸೆಕೆಂಡ್ ಕತ್ತಿಗಳು ನಿಧಾನವಾಗಿಯೇ ಬೀಸುತ್ತವೆ. ಈ 17 ಸೆಕೆಂಡಿನೊಳಗೆ 4 ಅಥವಾ 5 ಪಾಯಿಂಟ್ ಕೂಡುತ್ತವೆ. ಅವಧಿ ಮುಗಿಯುವ ಹೊತ್ತಿಗೆ ಅವನ್ನು ಮತ್ತೆ ಸ್ಲೈಸ್ ಅಂಡ್ ಡೈಸ್‌ಗೇ ಹಾಕಿ. ಆಮೇಲೆ ಪ್ರತಿ ಸಲ 5 ಪಾಯಿಂಟ್ ಆದಾಗ ಟೈಮರ್ ನೋಡಿ. 12 ಸೆಕೆಂಡಿಗಿಂತ ಹೆಚ್ಚು ಉಳಿದಿದ್ದರೆ ಎವಿಸರೇಟ್, ಕಡಿಮೆ ಇದ್ದರೆ ತಡೆದು ಸ್ಲೈಸ್ ಅಂಡ್ ಡೈಸ್.

12 ಸೆಕೆಂಡ್ ಏಕೆಂದರೆ, ಎವಿಸರೇಟ್ ಹೊಡೆಯುವಾಗ 40 ಎನರ್ಜಿ ಇತ್ತೆನ್ನಿ. 35 ಹೋಗಿ 25 ಬಂದು 30 ಉಳಿಯಿತು. 12 ಸೆಕೆಂಡಿನಲ್ಲಿ 120 ಸೇರಿ 150. ಸ್ಲೈಸ್ ಅಂಡ್ ಡೈಸ್‌ಗೆ 25 ತೆಗೆದಿಟ್ಟರೆ 125, ಅಂದರೆ ಮೂರು ಏಟು. ಮೂರು ಪಾಯಿಂಟ್ ಎಂದರೆ 22 ಸೆಕೆಂಡ್ ಮತ್ತೆ ನಿಶ್ಚಿಂತೆ. ಅದೇ 6 ಸೆಕೆಂಡ್ ಮಾತ್ರ ಉಳಿದಿದ್ದಾಗ ಎವಿಸರೇಟ್ ಹಾಕಿದರೆ ಕೈಗೆ ಒಂದೋ ಎರಡೋ ಪಾಯಿಂಟ್ ಸಿಗುತ್ತದೆ, ಮುಂದಿನ ಸುತ್ತು ಪೂರ್ತಿ ಅದರ ಹಿಂದೆ ಓಡುವುದೇ ಆಗುತ್ತದೆ. ತೀರಾ ಮುಂಚೆ ಒತ್ತುವುದೂ ನಷ್ಟವೇ: ಉಳಿದ ಸೆಕೆಂಡುಗಳು ಹೊಸ ಅವಧಿಗೆ ಕೂಡಿಕೊಳ್ಳುವುದಿಲ್ಲ. ಕೊನೆಯ ಒಂದೆರಡು ಸೆಕೆಂಡಿನಲ್ಲಿ ಒತ್ತಿ. ಟೈಮರ್ ಪರದೆಯ ಮೂಲೆಯಲ್ಲಿದ್ದರೆ ಕಣ್ಣು ಅಲ್ಲಿಗೆ ಹೋಗುವುದಿಲ್ಲ. ಬಫ್ (ತಾತ್ಕಾಲಿಕ ಬಲ) ತೋರಿಸುವ ಯಾವುದಾದರೂ ಆಡ್‌ಆನ್ ಹಾಕಿ ನಿಮ್ಮ ಪಾತ್ರದ ಕಾಲ ಕೆಳಗೆ ತಂದಿಡಿ.

ಪ್ರಶ್ನೆ: ಎನರ್ಜಿ ಬಂದಹಾಗೆಲ್ಲ ಖರ್ಚು ಮಾಡಬೇಕೋ, ಕೂಡಿಡಬೇಕೋ? ನಮ್ಮ ಗಿಲ್ಡ್‌ನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
— ಓದುಗ, ಬೇಲೂರು

ಉತ್ತರ: ಎರಡೂ ಸರಿ, ಮಿತಿ ದಾಟದಿದ್ದರೆ. ಗರಿಷ್ಠ 100. ಒಂದು ಸಲಕ್ಕೆ 20 ಬರುವುದರಿಂದ 80 ದಾಟಿದ ಮೇಲೆ ಬರುವುದು ತುಂಬಿದ ಬಿಂದಿಗೆಗೆ ನಲ್ಲಿ ಬಿಟ್ಟಂತೆ. 40 ಆದ ಕೂಡಲೇ ಹೊಡೆದರೂ 70 ಆಗುವವರೆಗೆ ಕಾದು ಹೊಡೆದರೂ ಒಟ್ಟು ಏಟು ಅಷ್ಟೇ. ಆದ್ದರಿಂದ ಬೆರಳು ನೋಯಿಸಿಕೊಳ್ಳುವ ಅಗತ್ಯ ಇಲ್ಲ.

ಕೂಡಿಡುವುದು ಉಪಯೋಗಕ್ಕೆ ಬರುವ ಜಾಗ ಎರಡಿವೆ. ಮಾಂತ್ರಿಕ ಬಾಸ್ ಎದುರು ಮಂತ್ರ ತಡೆಯುವ ಕಿಕ್ ಹೊಡೆಯುವ ಕೆಲಸ ನಿಮ್ಮದಾದರೆ 25 ಎನರ್ಜಿ ಯಾವಾಗಲೂ ಕೈಯಲ್ಲಿರಬೇಕು. ಮತ್ತು ಸ್ಲೈಸ್ ಅಂಡ್ ಡೈಸ್ ಮುಗಿಯುವ ಹೊತ್ತಿಗೆ ಅದರ 25 ಇಲ್ಲದೆ ಒಂದೆರಡು ಸೆಕೆಂಡ್ ಖಾಲಿ ಬಿಡಬಾರದು. ಇದಕ್ಕೆ ಉಲ್ಟಾ ಸಂದರ್ಭವೂ ಇದೆ. ಮೋಲ್ಟನ್ ಕೋರ್‌ನ ಬ್ಯಾರನ್ ಗೆಡ್ಡನ್ ಇನ್ಫರ್ನೋ ಶುರುಮಾಡಿದಾಗ ಹತ್ತಿರ ಇರುವವರೆಲ್ಲ ಹೊರಗೆ ಓಡಬೇಕು. ಓಡುವ ಮುಂಚೆ ಎನರ್ಜಿ ಖಾಲಿ ಮಾಡಿಕೊಂಡು ಹೋಗಿ. ಹೊರಗಿದ್ದಷ್ಟು ಹೊತ್ತು ಅದು ತುಂಬುತ್ತಿರುತ್ತದೆ, ವಾಪಸ್ ಬಂದ ತಕ್ಷಣ ಎರಡು ಏಟು ಸಿದ್ಧ. ನೀವು ಆರಿಸಿದ ಗುರಿ ಅವನೇ ಆಗಿದ್ದರೆ ಕಾಂಬೊ ಪಾಯಿಂಟ್ ಎಲ್ಲೂ ಹೋಗುವುದಿಲ್ಲ. ಆದರೆ ಓಡುವ ಮುಂಚಿನ ಕ್ಷಣದಲ್ಲಿ 5 ಪಾಯಿಂಟ್‌ನ ಸ್ಲೈಸ್ ಅಂಡ್ ಡೈಸ್ ಹಾಕಬೇಡಿ, ಅದು ಗಾಳಿಯಲ್ಲಿ ಕರಗುತ್ತದೆ.

ಪ್ರಶ್ನೆ: ಕತ್ತಿ ಆರಿಸುವಾಗ ಏನು ನೋಡಬೇಕು? ಹಿಟ್ ಎಷ್ಟು ಬೇಕು?
— ಓದುಗ, ಅರಸೀಕೆರೆ

ಉತ್ತರ: ಬಲಗೈಗೆ ನಿಧಾನದ ಕತ್ತಿ, 2.6ರಿಂದ 2.8ರ ವೇಗದ್ದು. ಸಿನಿಸ್ಟರ್ ಸ್ಟ್ರೈಕ್ ಬಲಗೈ ಕತ್ತಿಯ ಏಟಿನ ಗಾತ್ರವನ್ನೇ ಆಧರಿಸುತ್ತದೆ, ನಿಧಾನದ ಕತ್ತಿಯ ಒಂದೊಂದು ಏಟೂ ದೊಡ್ಡದು. ಎಡಗೈಗೆ ವೇಗದ್ದಿರಲಿ, ವಿಷ ಹೆಚ್ಚು ಸಲ ತಗಲುತ್ತದೆ. ಎಡಗೈ ಏಟಿಗೆ ಅರ್ಧ ಡ್ಯಾಮೇಜ್ ಮಾತ್ರ, ಡ್ಯುಯಲ್ ವೀಲ್ಡ್ ಸ್ಪೆಷಲೈಸೇಶನ್ 5/5 ಇದ್ದರೆ ಅದು 75% ಆಗುತ್ತದೆ. ಬಿಡುವಂಥ ಟ್ಯಾಲೆಂಟ್ ಅಲ್ಲ.

ಹಿಟ್ (ಏಟು ತಪ್ಪುವುದನ್ನು ಕಡಿಮೆ ಮಾಡುವ ಅಂಕಿ) ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ರೇಡ್ ಬಾಸ್ ಎಂದರೆ 63ನೇ ಲೆವೆಲ್. ನಿಮ್ಮ ಕತ್ತಿಯ ವೆಪನ್ ಸ್ಕಿಲ್ 300 ಇದ್ದರೆ ಬಟನ್ ಒತ್ತಿ ಹೊಡೆಯುವ ಏಟು ತಪ್ಪದಿರಲು 9% ಹಿಟ್ ಬೇಕು. ವೆಪನ್ ಎಕ್ಸ್‌ಪರ್ಟೀಸ್ ಟ್ಯಾಲೆಂಟ್‌ಗೆ 2 ಪಾಯಿಂಟ್ ಹಾಕಿ ಸ್ಕಿಲ್ 305 ಮಾಡಿಕೊಂಡರೆ 6% ಸಾಕು. ಪ್ರಿಸಿಶನ್ ಟ್ಯಾಲೆಂಟ್ 5% ಕೊಡುತ್ತದೆ, ಇನ್ನು ಬಟ್ಟೆಬರೆಯಿಂದ ಬರಬೇಕಾದ್ದು 1%. ಇಲ್ಲಿಗೇ ನಿಲ್ಲಿಸಬೇಡಿ. ಎರಡು ಆಯುಧ ಹಿಡಿದವರ ಆಟೋ ಅಟ್ಯಾಕ್ ಸಮಾನ ಲೆವೆಲ್‌ನ ಶತ್ರುವಿನ ಮೇಲೂ 24% ತಪ್ಪುತ್ತದೆ, ಬಾಸ್ ಮೇಲೆ ಇನ್ನೂ ಹೆಚ್ಚು. ಆದ್ದರಿಂದ 6% ಆದ ಮೇಲೂ ಸಿಗುವ ಹಿಟ್ ವ್ಯರ್ಥವಲ್ಲ.

ಸ್ಕಿಲ್‌ನಿಂದ ಇನ್ನೊಂದು ದೊಡ್ಡ ಲಾಭ ಇದೆ. ಬಾಸ್ ಮೇಲೆ ಬೀಳುವ ಆಟೋ ಅಟ್ಯಾಕ್‌ಗಳಲ್ಲಿ 40% ಸವರಿಕೊಂಡು ಹೋಗುವ ಏಟುಗಳು, ಗ್ಲಾನ್ಸಿಂಗ್ ಬ್ಲೋ ಎನ್ನುತ್ತಾರೆ. ಇದನ್ನು ಯಾವ ಹಿಟ್‌ನಿಂದಲೂ ತಪ್ಪಿಸಲು ಆಗದು. ಸ್ಕಿಲ್ 300ರಲ್ಲಿ ಅಂಥ ಏಟು 35% ಬಲ ಕಳೆದುಕೊಳ್ಳುತ್ತದೆ, 305ರಲ್ಲಿ 15% ಮಾತ್ರ. ಡ್ಯಾಮೇಜಿನ ದೊಡ್ಡ ಪಾಲು ಆಟೋ ಅಟ್ಯಾಕ್‌ನದ್ದೆಂದು ಮೇಲೆ ಹೇಳಿದ್ದನ್ನು ಇದರ ಜೊತೆ ಇಟ್ಟು ನೋಡಿದರೆ ಆ ಎರಡು ಟ್ಯಾಲೆಂಟ್ ಪಾಯಿಂಟ್‌ಗಳ ಬೆಲೆ ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರದ ತೋಟದ ಮನೆ. ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿ ಬರುವ ಸಮಯ) 200 ಮಿಲಿಸೆಕೆಂಡ್ ತೋರಿಸುತ್ತದೆ, ಮಳೆ ಹಿಡಿದರೆ ಕರೆಂಟೂ ಹೋಗುತ್ತದೆ. ಇಲ್ಲಿ ಕೂತು ರೋಗ್ ಆಡಲು ಸಾಧ್ಯವೇ, ಅಥವಾ ಹೀಲರ್ ಆಗಿಬಿಡಲೇ?
— ಓದುಗಿ, ಮೂಡಿಗೆರೆ ತಾಲ್ಲೂಕು

ಉತ್ತರ: ರೋಗ್ ಬಿಡಬೇಡಿ. ಹೆಚ್ಚಿನ ಪಿಂಗ್‌ನಲ್ಲೂ ಚೆನ್ನಾಗಿ ನಡೆಯುವ ಕ್ಲಾಸ್ ಇದು. ರೋಗ್‌ನ ಎರಡು ಬಟನ್‌ಗಳ ನಡುವೆ ಆಟ ಹೇರುವ ಕಡ್ಡಾಯ ಅಂತರ 1 ಸೆಕೆಂಡ್, ಆದರೆ ಎನರ್ಜಿ ಬರುವುದು 4 ಸೆಕೆಂಡಿಗೆ ಒಂದು ಏಟಿನಷ್ಟು. ನಿಮ್ಮನ್ನು ತಡೆಯುತ್ತಿರುವುದು ಎನರ್ಜಿ, ಪಿಂಗ್ ಅಲ್ಲ. ಆಟೋ ಅಟ್ಯಾಕ್ ಸರ್ವರ್‌ನಲ್ಲೇ ನಡೆಯುತ್ತದೆ, ನಿಮ್ಮ ಲೈನಿನ ವೇಗಕ್ಕೂ ಅದಕ್ಕೂ ಸಂಬಂಧ ಇಲ್ಲ. ಸ್ಪೆಲ್ ಕ್ಯೂ ವಿಂಡೋ ಎಂಬ ಸೆಟ್ಟಿಂಗ್ ಮೊದಲಿನಿಂದಲೇ 400 ಮಿಲಿಸೆಕೆಂಡ್ ಇರುತ್ತದೆ. ಅಷ್ಟು ಮುಂಚೆ ಒತ್ತಿದರೂ ಆಟ ನೆನಪಿಟ್ಟುಕೊಂಡು ಸಮಯಕ್ಕೆ ಸರಿಯಾಗಿ ಹೊಡೆಯುತ್ತದೆ. ಅದನ್ನು ಕಡಿಮೆ ಮಾಡಿ ಎಂದು ಯಾರಾದರೂ ಹೇಳಿದರೆ ನಿಮ್ಮ ಪಿಂಗ್‌ಗೆ ಅದು ಬೇಡ.

ಪಿಂಗ್ ಕಾಡುವುದು ಮೂರು ಕಡೆ. ಕಿಕ್ ಹೊಡೆಯುವಾಗ ಅರ್ಧ ಸೆಕೆಂಡ್ ಮುಂಚೆಯೇ ನಿರ್ಧರಿಸಿ. ಅಪಾಯದ ಜಾಗದಿಂದ ಇತರರಿಗಿಂತ ಒಂದು ಹೆಜ್ಜೆ ಮುಂಚೆ ಹೊರಡಿ. ಬಾಸ್ ಓಡಾಡುತ್ತಿರುವಾಗ ಬೆನ್ನಿಗೆ ಅಂಟಿಕೊಂಡಂತೆ ನಿಲ್ಲಿ, ಏಕೆಂದರೆ ಪರದೆಯಲ್ಲಿ ಕಾಣುವುದು ಬಾಸ್‌ನ ಹಳೆಯ ಜಾಗ.

200 ಸ್ಥಿರವಾಗಿದ್ದರೆ ಕೈ ಅದಕ್ಕೆ ಹೊಂದಿಕೊಳ್ಳುತ್ತದೆ. ಒಮ್ಮೆ 150, ಒಮ್ಮೆ 600 ಆದರೆ ಮಾತ್ರ ಆಗದು. ಅಂಥ ಏರಿಳಿತಕ್ಕೆ ತೋಟದ ಮನೆಗಳಲ್ಲಿ ಮುಖ್ಯ ಕಾರಣ ದಪ್ಪ ಗೋಡೆ ದಾಟಿ ಬರುವ ವೈಫೈ ಅಥವಾ ಮೊಬೈಲ್ ಹಾಟ್‌ಸ್ಪಾಟ್. ರೌಟರ್‌ನಿಂದ ಕಂಪ್ಯೂಟರ್‌ವರೆಗೆ ಲ್ಯಾನ್ ಕೇಬಲ್ ಎಳೆಯಿರಿ. ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೂ ಸರಿಯಾಗಿ ಕೆಲಸ ಮಾಡುತ್ತದೆ. ಕರೆಂಟಿಗೆ, ಲ್ಯಾಪ್‌ಟಾಪ್ ಇದ್ದರೆ ರೌಟರ್‌ಗಷ್ಟೇ ಸಣ್ಣ ಮಿನಿ ಯುಪಿಎಸ್ ಸಾಕು. ಕೊಳ್ಳುವ ಮುಂಚೆ ರೌಟರ್ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ಓದಿಕೊಳ್ಳಿ. 12 ವೋಲ್ಟ್‌ನವು ಸಾಮಾನ್ಯ, ಆದರೆ 9 ವೋಲ್ಟ್‌ನವೂ ಇವೆ. 9ರ ರೌಟರ್‌ಗೆ 12 ಕೊಟ್ಟರೆ ಸುಟ್ಟುಹೋಗಬಹುದು. ಫೈಬರ್ ಪೆಟ್ಟಿಗೆ ಬೇರೆ, ರೌಟರ್ ಬೇರೆ ಇದ್ದರೆ ಎರಡಕ್ಕೂ ಬ್ಯಾಕಪ್ ಬೇಕು.

ಪ್ರಶ್ನೆ: ಒನಿಕ್ಸಿಯಾ ಎಂಬ ಡ್ರ್ಯಾಗನ್ ಬಾಸ್ ಹತ್ತಿರ ಹೋದಾಗಲೆಲ್ಲ ಸಾಯುತ್ತೇನೆ. ಹಿಂದೆ ನಿಂತರೆ ಬಾಲದ ಏಟು, ಮುಂದೆ ನಿಂತರೆ ಬೆಂಕಿ. ಬಾಲದಿಂದ ತಪ್ಪಿಸಿಕೊಂಡರೆ ಅವಳೇ ನನ್ನ ಕಡೆ ತಿರುಗುತ್ತಾಳೆ.
— ಓದುಗ, ಸಕಲೇಶಪುರ

ಉತ್ತರ: ಹಿಂದಿನ ಕಾಲಿನ ಪಕ್ಕೆಗೆ ನಿಲ್ಲಿ. ಬಾಲ ಬೀಸಿದರೆ ಮೊಟ್ಟೆಗಳಿರುವ ಗುಹೆಗೆ ಎಸೆಯಲ್ಪಡುತ್ತೀರಿ, ಮರಿಗಳು ಎದ್ದು ಇಡೀ ರೇಡ್‌ಗೆ ತೊಂದರೆ. ಹಿಂಗಾಲಿನ ಬದಿ ಇನ್ನೂ ಬೆನ್ನಿನ ಅರ್ಧಕ್ಕೇ ಸೇರಿದ್ದು, ಅಲ್ಲಿಂದ ಹೊಡೆದರೆ ಬಾಸ್ ಪ್ಯಾರಿ ಮಾಡಲಾಗದು, ಅಂದರೆ ಏಟನ್ನು ತಡೆದು ಸರಿಸಲಾಗದು. ಎದುರು ನಿಂತವರ ಏಟನ್ನು ಪ್ಯಾರಿ ಮಾಡಿದ ಬಾಸ್‌ನ ಮುಂದಿನ ಏಟು ಬೇಗ ಬೀಳುತ್ತದೆ, ಅದರ ಪೆಟ್ಟು ತಿನ್ನುವವನು ಬಾಸ್ ಎದುರು ನಿಂತು ತಂಡವನ್ನು ಕಾಯುವ ಟ್ಯಾಂಕ್. ಯಾವ ಬಾಸ್ ಆದರೂ ಎದುರು ನಿಲ್ಲಬೇಡಿ ಎಂದು ಒತ್ತಿ ಹೇಳುವುದು ಇದಕ್ಕೇ.

ಅವಳು ನಿಮ್ಮ ಕಡೆ ತಿರುಗುವುದು ಥ್ರೆಟ್‌ನಿಂದ, ಅಂದರೆ ನಿಮ್ಮ ಮೇಲೆ ಅವಳಿಗೆ ಏರುವ ಸಿಟ್ಟಿನ ಅಳತೆಯಿಂದ. ಹತ್ತಿರ ನಿಂತು ಹೊಡೆಯುವವರ ಥ್ರೆಟ್ ಟ್ಯಾಂಕ್‌ನ 110% ದಾಟಿದರೆ ಬಾಸ್ ತಿರುಗುತ್ತದೆ. ಥ್ರೆಟ್ ಮೀಟರ್ 90% ತೋರಿಸಿದಾಗಲೇ ಅದನ್ನು ಇಳಿಸುವ ಫೇಂಟ್ ಒತ್ತಿ: 20 ಎನರ್ಜಿ, 10 ಸೆಕೆಂಡ್ ಕೂಲ್‌ಡೌನ್. ಅರ್ಧ ಸಿನಿಸ್ಟರ್ ಸ್ಟ್ರೈಕ್‌ನ ಬೆಲೆಗೆ ಜೀವ ಉಳಿಯುತ್ತದೆ. ವ್ಯಾನಿಶ್ ಥ್ರೆಟ್ ಪೂರ್ತಿ ಅಳಿಸುತ್ತದೆ, ಆದರೆ ಫ್ಲಾಶ್ ಪೌಡರ್ ಚೀಲದಲ್ಲಿರಬೇಕು. ವ್ಯಾನಿಶ್ ಆದ ಮೇಲೆ ಆಟೋ ಅಟ್ಯಾಕ್ ನಿಂತಿರುತ್ತದೆ, ಮತ್ತೆ ಶುರುಮಾಡುವುದು ನಿಮ್ಮ ಕೆಲಸ.

ಇನ್ನೊಂದು ಸೂಕ್ಷ್ಮ. ಅವಳ ಜೀವ 65%ಕ್ಕೆ ಇಳಿದಾಗ ಹಾರುತ್ತಾಳೆ, 40%ಕ್ಕೆ ಮತ್ತೆ ಇಳಿಯುತ್ತಾಳೆ. 67%ರಲ್ಲಿ 5 ಪಾಯಿಂಟ್ ಇದ್ದರೆ ಅದನ್ನು ಎವಿಸರೇಟ್ ಮಾಡಿಬಿಡಿ. ಕ್ಲಾಸಿಕ್‌ನಲ್ಲಿ ಕಾಂಬೊ ಪಾಯಿಂಟ್ ಇರುವುದು ಶತ್ರುವಿನ ಮೇಲೆ. ಮರಿಯೊಂದಕ್ಕೆ ಸಿನಿಸ್ಟರ್ ಸ್ಟ್ರೈಕ್ ಹೊಡೆದ ಕ್ಷಣ ಒನಿಕ್ಸಿಯಾ ಮೇಲಿದ್ದದ್ದು ಅಳಿಸಿಹೋಗುತ್ತದೆ. ಮುಖ್ಯ ಆಟದಲ್ಲಿ 2014ರಲ್ಲಿ ಇದನ್ನು ಬದಲಿಸಿ ಪಾಯಿಂಟ್ ರೋಗ್ ಬಳಿಯೇ ಉಳಿಯುವಂತೆ ಮಾಡಿದರು, ಅಲ್ಲಿಂದ ಬಂದವರು ಇಲ್ಲಿ ಎಚ್ಚರ ತಪ್ಪುತ್ತಾರೆ.

ಪ್ರಶ್ನೆ: ಅಡ್ರಿನಲಿನ್ ರಶ್ ಯಾವಾಗ ಒತ್ತಬೇಕು?
— ಓದುಗ, ಕಡೂರು

ಉತ್ತರ: ಎನರ್ಜಿ ಕೆಳಗಿದ್ದಾಗ, ಸ್ಲೈಸ್ ಅಂಡ್ ಡೈಸ್ ಇನ್ನೂ 15 ಸೆಕೆಂಡ್ ಉಳಿದಿರುವಾಗ. ಆ 15 ಸೆಕೆಂಡ್ ಎನರ್ಜಿ 2 ಸೆಕೆಂಡಿಗೆ 40ರಂತೆ ಬರುತ್ತದೆ. 100 ಇಟ್ಟುಕೊಂಡು ಒತ್ತಿದರೆ ಮೊದಲ ಕಂತೇ ಚೆಲ್ಲಿಹೋಗುತ್ತದೆ. ಬ್ಲೇಡ್ ಫ್ಲರಿ ಸಹ ಜೊತೆಗೇ ಹಾಕಿ: 20% ವೇಗ, ಅದೂ 15 ಸೆಕೆಂಡ್. ಅದರ ಕೂಲ್‌ಡೌನ್ 2 ನಿಮಿಷ, ಅಡ್ರಿನಲಿನ್ ರಶ್‌ನದ್ದು 5 ನಿಮಿಷ. ಆದ್ದರಿಂದ ಬ್ಲೇಡ್ ಫ್ಲರಿಯನ್ನು ಪ್ರತಿ ಸಲ ಕಾಯಿಸುತ್ತಾ ಕೂರಬೇಡಿ. ಹತ್ತಿರ ನಿದ್ದೆಗೆ ಕಳಿಸಿದ ಅಥವಾ ಕುರಿ ಮಾಡಿಟ್ಟ ಶತ್ರು ಇದ್ದರೆ ಮಾತ್ರ ಬೇಡ, ಬ್ಲೇಡ್ ಫ್ಲರಿ ಹತ್ತಿರದ ಇನ್ನೊಬ್ಬ ಶತ್ರುವಿಗೂ ಕೊಡುವ ಏಟು ಅದನ್ನು ಎಬ್ಬಿಸುತ್ತದೆ.

ಪ್ರಶ್ನೆ: ಗುರಿ ಬದಲಿಸಿದಾಗ ನನ್ನ ಪಾತ್ರ ಸುಮ್ಮನೆ ನಿಂತಿರುತ್ತದೆ. ಏಕೆ?
— ಓದುಗ, ತರೀಕೆರೆ

ಉತ್ತರ: ಎನರ್ಜಿ 40ಕ್ಕಿಂತ ಕಡಿಮೆ ಇದ್ದಾಗ ಸಿನಿಸ್ಟರ್ ಸ್ಟ್ರೈಕ್ ಒತ್ತಿದರೆ ಆಟ "ಎನರ್ಜಿ ಇಲ್ಲ" ಎನ್ನುತ್ತದೆ, ಆಟೋ ಅಟ್ಯಾಕ್ ಕೂಡ ಶುರುವಾಗುವುದಿಲ್ಲ. ಶತ್ರುವನ್ನು ಕೆಲ ಕ್ಷಣ ನಿಶ್ಚಲಗೊಳಿಸುವ ಗೌಜ್ ಹೊಡೆದ ಮೇಲೂ ಆಟೋ ಅಟ್ಯಾಕ್ ನಿಲ್ಲುತ್ತದೆ. ಮ್ಯಾಕ್ರೋ (ಹಲವು ಆದೇಶಗಳನ್ನು ಒಂದೇ ಬಟನ್‌ಗೆ ಕಟ್ಟುವುದು) ಮಾಡಿಕೊಳ್ಳಿ: ಮೊದಲ ಸಾಲಿನಲ್ಲಿ ಸ್ಲ್ಯಾಶ್ ಹಾಕಿ ಸ್ಟಾರ್ಟ್‌ಅಟ್ಯಾಕ್, ಎರಡನೇ ಸಾಲಿನಲ್ಲಿ ಸ್ಲ್ಯಾಶ್ ಹಾಕಿ ಕಾಸ್ಟ್, ನಂತರ ಸಿನಿಸ್ಟರ್ ಸ್ಟ್ರೈಕ್. ಸ್ಟಾರ್ಟ್‌ಅಟ್ಯಾಕ್ ಒಂದೇ ಪದವಾಗಿ, ನಡುವೆ ಜಾಗ ಬಿಡದೆ ಬರೆಯಿರಿ. ಕೀಲಿಮಣೆಯ ಎ ಮತ್ತು ಡಿ ಕೀಗಳನ್ನು ತಿರುಗುವುದಕ್ಕೆ ಬಿಡದೆ ಪಕ್ಕಕ್ಕೆ ಸರಿಯುವುದಕ್ಕೆ ಕೊಡಿ, ತಿರುಗುವ ಕೆಲಸ ಮೌಸ್‌ನ ಬಲ ಬಟನ್ ಮಾಡಲಿ. ಇಷ್ಟಾದರೆ ಹೊಸ ಗುರಿಯ ಬೆನ್ನಿಗೆ ಹೋಗುವಷ್ಟರಲ್ಲಿ ಕತ್ತಿ ಆಗಲೇ ಬೀಸುತ್ತಿರುತ್ತದೆ.