ಪೂರ್ಣಾಂಕಗಳ ವ್ಯವಕಲನ ಗ್ರೂಪ್ ಏಕಲ್ಲ?

ನಮಸ್ಕಾರ. ಪೂರ್ಣಾಂಕದಿಂದ ಪೂರ್ಣಾಂಕವನ್ನು ಕಳೆದರೆ ಪೂರ್ಣಾಂಕವೇ ಸಿಗುತ್ತದೆ, ಅ − 0 = ಅ, ಅ − ಅ = 0; ಹೀಗಿದ್ದೂ ವ್ಯವಕಲನದಡಿ ಅವು ಗ್ರೂಪ್ ಆಗುವುದಿಲ್ಲವೇಕೆ ಎಂದು ಕೇಳಿದ್ದೀರಿ. ಗ್ರೂಪ್ ಎಂದರೆ ಉತ್ತರ ಗಣದೊಳಗೇ ಉಳಿಯುವ, ಆವರಣ ಎಲ್ಲಿಟ್ಟರೂ ಉತ್ತರ ಬದಲಾಗದ (ಇದೇ ಸಹವರ್ತನೀಯ ಗುಣ), ಅನನ್ಯತಾಂಶವೂ (ಇತರ ಅಂಶಗಳನ್ನು ಬದಲಿಸದ ಅಂಶ) ಪ್ರತಿ ಅಂಶಕ್ಕೂ ವಿಲೋಮವೂ (ಜೊತೆಗೂಡಿ ಅನನ್ಯತಾಂಶವನ್ನೇ ಕೊಡುವ ಅಂಶ) ಇರುವ ಗಣ ಮತ್ತು ಕ್ರಿಯೆ. ನೀವು ಪರಿಶೀಲಿಸಿದ ಮೂರೂ ನಿಜ. ಬಿಟ್ಟುಹೋಗಿರುವುದು ಸಹವರ್ತನೀಯ ಗುಣ. (8 − 5) − 2 ಎಂದರೆ 1, ಆದರೆ 8 − (5 − 2) ಎಂದರೆ 5. ಆವರಣ ಸರಿಸಿದೊಡನೆ ಉತ್ತರ ಬದಲಾಗುವುದರಿಂದ ಇದು ಸೆಮಿಗ್ರೂಪ್ (ಉತ್ತರ ಗಣದೊಳಗಿದ್ದು ಸಹವರ್ತನೀಯ ಗುಣವಷ್ಟೇ ಇದ್ದರೆ ಸಾಕಾಗುವ ರಚನೆ) ಕೂಡ ಅಲ್ಲ.

0 − 7 = −7 ಆಗುವುದರಿಂದ ಸೊನ್ನೆ ಬಲಗಡೆಯಿಂದ ಮಾತ್ರ ಅನನ್ಯತಾಂಶ, ಅದೇ ಮುಖ್ಯ ದೋಷ ಎಂದು ಕೆಲವರು ಹೇಳುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ: ಸಹವರ್ತನೀಯತೆಯೊಂದು ಇದ್ದಿದ್ದರೆ ಬಲ ಅನನ್ಯತಾಂಶ ಮತ್ತು ಬಲ ವಿಲೋಮಗಳಷ್ಟೇ ಸಾಕಾಗಿ, ಎಡಗಡೆಯವನ್ನು ಅವುಗಳಿಂದಲೇ ಸಾಧಿಸಬಹುದಿತ್ತು.

ಹಾಗೆಂದು ವ್ಯವಕಲನವನ್ನು ಬರೀ ಮ್ಯಾಗ್ಮಾ (ಉತ್ತರ ಗಣದೊಳಗೇ ಇರಬೇಕೆಂಬ ನಿಯಮವೊಂದೇ ಇರುವ ರಚನೆ) ಎಂದು ತಳ್ಳಿಹಾಕಬೇಡಿ. ಅ − ಕ್ಷ = ಬ, ಕ್ಷ − ಅ = ಬ ಎಂಬ ಎರಡು ಬಗೆಯ ಸಮೀಕರಣಗಳಿಗೂ ಒಂದೊಂದೇ ಪರಿಹಾರವಿರುವುದರಿಂದ ಇದು ಕ್ವಾಸಿಗ್ರೂಪ್. ಮಾಡ್ಯುಲೊ 3ರಲ್ಲಿ, ಅಂದರೆ 3ರಿಂದ ಭಾಗಿಸಿದಾಗ ಉಳಿಯುವ ಶೇಷಗಳಾದ 0, 1, 2ರ ಲೆಕ್ಕದಲ್ಲಿ, ವ್ಯವಕಲನದ ಕೋಷ್ಟಕ ಬರೆದರೆ ಸಾಲುಗಳು 0 2 1, 1 0 2, 2 1 0 ಎಂದಾಗುತ್ತವೆ. ಪ್ರತಿ ಸಾಲಿನಲ್ಲೂ ಪ್ರತಿ ಕಂಬಸಾಲಿನಲ್ಲೂ ಒಂದೊಂದು ಅಂಕಿ ಒಮ್ಮೆಯೇ ಬರುತ್ತದೆ. ಮಾಡ್ಯುಲೊ 2ರಲ್ಲಂತೂ ಕಳೆಯುವುದೂ ಕೂಡುವುದೂ ಒಂದೇ ಆಗಿಬಿಡುವುದರಿಂದ, ಅಲ್ಲಿ ವ್ಯವಕಲನವೂ ಗ್ರೂಪ್ ಆಗುತ್ತದೆ.